ಎಳ್ಳಮಾಸಿ ದಿನದ ಬ್ಯಾಲೆ

ವಿರೇಶ ಆ ಸುದ್ದಿ ಹೇಳಿದಾಗ ನಾನು ಸಿಂಧನೂರಿನ ಒಂದು ಶಾಲೆಯ ವರಾಂಡದಲ್ಲಿ ನವಿಲುಗಳ ನಡುವೆ ಕೂತಿದ್ದೆ. ಒಂದು ನವಿಲಿಗೆ ಮೂಗು ಸೋರುತ್ತಿತ್ತು. ಇನ್ನೊಂದು ನವಿಲು ಗರಿ ಚುಚ್ಚುತ್ತದೆ ಅಂತ ಅಳುತ್ತಿತ್ತು. ಮಂಡಿ ನೋವಿಗೆ ನಾನೂ ಅಳಬೇಕಿತ್ತು. ಆದರೆ ಡ್ಯಾನ್ಸ್ ಟೀಚರೇ ಅತ್ತರೆ ಮಕ್ಕಳನ್ನು ಹಿಡಿಯೋರು ಯಾರು?

"ಟೀಚರ್, ಹೈದರಾಬಾದಿಗೆ ಬ್ಯಾಲೆ ಬರಾಕತ್ತೈತಿ," ಎಂದ ವಿರೇಶ, ಡ್ರೆಸ್ಸಿನ ಗಂಟು ಬಿಚ್ಚುತ್ತಾ. "ಎರಡು ಟಿಕೆಟ್ ತಗೊಂಡೀನಿ."

"ಹೌದಾ? ಯಾರ ಜೋಡಿ ಹೊಂಟೀರಿ?"

ದೇವರಾಣೆ, ತಿಳಿಯದೇ ಕೇಳಿದೆ. ದಣಿದಾಗ ನನಗೆ ಬುದ್ಧಿ ಅರ್ಧವೇ ಕೆಲಸ ಮಾಡುತ್ತದೆ. ಅವನು ಗಂಟಿನ ಮೇಲಿಂದ ತಲೆಯೆತ್ತಿ ನನ್ನನ್ನು ನೋಡಿದ. ಎಷ್ಟೋ ಹೊತ್ತು ನೋಡಿದ. ಆಮೇಲೆ ಮೂಗು ಸೋರುತ್ತಿದ್ದವಳ ತಲೆ ಸವರಿ, "ಈ ನವಿಲಿನ ಜೋಡಿ," ಎಂದ.

ಆಗ ನನಗೆ ಹೊಳೆಯಿತು. ಕಿವಿ ಬಿಸಿಯಾಯಿತು. ಅಳುತ್ತಿದ್ದ ನವಿಲಿನ ಗರಿ ಸರಿಮಾಡುವ ನೆವದಲ್ಲಿ ಬೆನ್ನು ತಿರುಗಿಸಿದೆ.

ನಮ್ಮ ಕಡೆ ಚಳಿಗಾಲ ಬಂತೆಂದರೆ ಗ್ಯಾದರಿಂಗ್ ಬಂತು. ಎಲ್ಲಾ ಶಾಲೆಗಳಿಗೂ ಒಂದೇ ಸಲಕ್ಕೆ ವಾರ್ಷಿಕೋತ್ಸವ ಬೇಕು, ಎಲ್ಲಾ ಶಾಲೆಗಳಿಗೂ ಡ್ಯಾನ್ಸ್ ಬೇಕು. ಮುಂಜಾನೆ ಸಿಂಧನೂರು, ಮಧ್ಯಾಹ್ನ ಮಸ್ಕಿ, ಸಂಜೆ ಲಿಂಗಸುಗೂರು. ಬಸ್ಸಿನಲ್ಲೇ ನನ್ನ ಊಟ, ಬಸ್ಸಿನಲ್ಲೇ ನನ್ನ ನಿದ್ದೆ. ವಿರೇಶನದು ಲಿಂಗಸುಗೂರಿನಲ್ಲಿ ಡ್ರೆಸ್ ಬಾಡಿಗೆ ಅಂಗಡಿ. ನವಿಲು, ರೈತ, ಝಾನ್ಸಿ ರಾಣಿ, ಯಾರು ಬೇಕೋ ಅವರು ಅವನ ಗಂಟಿನಲ್ಲಿ ಇರುತ್ತಾರೆ. ನಾನು ಕುಣಿಸುವ ಮಕ್ಕಳಿಗೆ ಅವನು ಬಟ್ಟೆ ತೊಡಿಸುತ್ತಾನೆ. ಹೀಗೆ ಎಷ್ಟೋ ಚಳಿಗಾಲ ಕಳೆದಿದ್ದೇವೆ.

ಎರಡು ವರ್ಷದ ಹಿಂದೆ ಅವನು ಕೇಳಿದ್ದ. ಸುತ್ತುಬಳಸಿ ಅಲ್ಲ, ನೇರವಾಗಿ. "ನನ್ನ ಮದುವಿ ಆಗ್ತೀರೇನು ಟೀಚರ್?" ನಾನು, "ಗ್ಯಾದರಿಂಗ್ ಮುಗೀಲಿ ತಡೀರಿ," ಎಂದಿದ್ದೆ. ಗ್ಯಾದರಿಂಗ್ ಮುಗಿಯಿತು. ನಾನು ಹಾಸಿಗೆ ಹಿಡಿದವಳಂತೆ ವಾರಗಟ್ಟಲೆ ಮಲಗಿದೆ. ಆ ವರ್ಷ ಅವನು ಮತ್ತೆ ಕೇಳಲಿಲ್ಲ. ಮರುವರ್ಷ ಕೇಳಿದ, ನಾನು ಮತ್ತೆ ಅದೇ ಮಾತು ಹೇಳಿದೆ. ಅವನು ಬೇಡವಾಗಿದ್ದನೇ? ಛೆ. ಹೂಂ ಅನ್ನುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು, ಅದು ನನ್ನಲ್ಲಿ ಇರಲಿಲ್ಲ. ಅಷ್ಟೇ.

ಕಾಲ್ಬೆರಳ ತುದಿಯ ಮೇಲೆ ಕುಣಿಯುವ ಈ ಪರದೇಶದ ಬ್ಯಾಲೆಯ ಹುಚ್ಚು ನನ್ನದು. ಹಿಂದೊಮ್ಮೆ ಬಸ್ಸು ಕೆಟ್ಟು ದಾರಿಯಲ್ಲಿ ನಿಂತಾಗ ನನ್ನ ಫೋನಿನಲ್ಲಿ ಅವನಿಗೆ ತೋರಿಸಿದ್ದೆ. ಒಂದೇ ಇಯರ್‌ಫೋನ್, ಒಂದು ತುದಿ ಅವನ ಕಿವಿಯಲ್ಲಿ, ಒಂದು ನನ್ನದರಲ್ಲಿ.

"ಎಷ್ಟು ಹಗುರ ಅದಾಳಲ್ರಿ ಈಕಿ," ಎಂದಿದ್ದ.

"ಹಗುರ ಎಲ್ಲಿ ಬಂತು? ಹಂಗ ಕಾಣ್ಬೇಕಂದ್ರ ಕಾಲಿನ ಉಗುರು ಕಿತ್ತು ಹೋಗಿರ್ತಾವ."

ಅವನು ತಟ್ಟನೆ ನನ್ನ ಪಾದ ನೋಡಿದ್ದ. ನಾನು ಸೀರೆಯೊಳಗೆ ಎಳೆದುಕೊಂಡಿದ್ದೆ. ಅದನ್ನೆಲ್ಲ ಅವನು ಮರೆತಿರಲಿಲ್ಲ ಎಂದಾಯಿತು.

ನವಿಲುಗಳು ಊಟಕ್ಕೆ ಓಡಿದ ಮೇಲೆ ಅವನು ಇನ್ನೊಂದು ಮಾತು ಹೇಳಿದ. "ಸಂಕ್ರಾಂತಿ ಆದಮ್ಯಾಲೆ ನಾ ಗಂಗಾವತಿಗೆ ಹೊಂಟೀನ್ರಿ. ನಮ್ಮಕ್ಕ ಅಲ್ಲೇ ಒಂದು ಅಂಗಡಿ ನೋಡ್ಯಾಳ. ಇಲ್ಲಿ ಒಬ್ಬನ ಎಷ್ಟು ದಿನ ಅಂತ ಇರ್ಲಿ?"

"ಮತ್ತ ಟಿಕೆಟ್?"

"ನೀವು ಒಮ್ಮೆರ ಖರೆ ಬ್ಯಾಲೆ ನೋಡ್ಬೇಕಂತ ನನಗ ಆಸೆ. ಬರ್ತೀರೇನು?"

ಅವನು ಕೇಳಿದ್ದು ಬ್ಯಾಲೆ ಒಂದನ್ನೇ ಅಲ್ಲ ಅಂತ ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಬರುತ್ತೇನೆ ಎಂದೆ. ನನ್ನ ಬಾಯಿಂದ ಅಷ್ಟು ಬೇಗ ಮಾತು ಹೊರಬಿದ್ದದ್ದು ಕಂಡು ನನಗೇ ಆಶ್ಚರ್ಯವಾಯಿತು.

ಅಲ್ಲಿಂದ ಮುಂದೆ ಯೋಜನೆಯೋ ಯೋಜನೆ. ನಮ್ಮ ಹೊಲದ ಮುಂದೆಯೇ ಹಾಯುವ ಮಸ್ಕಿಯ ಒಂಬತ್ತರ ಬಸ್ಸಿಗೆ ರಾಯಚೂರು, ಅಲ್ಲಿ ಮುಂಗಡ ಕಾಯ್ದಿರಿಸಿದ ಬಸ್ಸು ಹಿಡಿದು ಹೈದರಾಬಾದು. ಸಂಜೆ ಬ್ಯಾಲೆ, ರಾತ್ರಿ ಅವನ ಚಿಕ್ಕಮ್ಮನ ಮನೆ. ಇಷ್ಟೇ ವಿಷಯವನ್ನು ನಾವು ದಿನಾ ಫೋನಿನಲ್ಲಿ ಹೊಸದಾಗಿ ಮಾತಾಡಿದೆವು.

"ಏನು ಉಟ್ಕೊಂಡು ಬರ್ಲಿ ಟೀಚರ್? ಅಂಗಡ್ಯಾಗ ಮಹಾರಾಜನ ಡ್ರೆಸ್ ಐತಿ."

"ಕಿರೀಟ ಮರೀಬ್ಯಾಡ್ರಿ ಮತ್ತ."

"ನಡುವ ಸೀಟಿ ಹೊಡಿಬಹುದೇನು?"

"ಹೊಡದ್ರ ನಾ ನಿಮ್ಮ ಜೋಡಿ ಬಂದೀನಂತ ಯಾರಿಗೂ ಹೇಳಂಗಿಲ್ಲ ನೋಡ್ರಿ."

"ಸುಮ್ಮನ ಕುಂದ್ರಬೇಕಂದ್ರ ನಿದ್ದಿ ಬರ್ತೈತಲ್ರಿ."

"ಬಂದ್ರ ಮಲ್ಕೋರಿ. ನಾನೂ ಮಲ್ಕೋತೀನಿ. ಇಬ್ಬರೂ ಎಚ್ಚರ ಆದಾಗ ಚಪ್ಪಾಳಿ ಹೊಡ್ಯೋಣ."

ಅವನು ನಕ್ಕ. ನಗುವಿನ ಕೊನೆಗೊಂದು ಆಕಳಿಕೆ ಬಂತು. ಆ ಆಕಳಿಕೆ ಕೇಳಿ ನನಗೂ ಬಂತು. ಪ್ರೀತಿಯ ಮಾತೆಂದರೆ ಹೀಗಿರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಎರಡೇ ದಿನ ಉಳಿದಿರುವಾಗ ಮನೆಗೆ ಬಂದರೆ ಅವ್ವ ಎಳ್ಳು ಹುರಿಯುತ್ತಿದ್ದಳು. ಮನೆ ತುಂಬ ಘಮ ಘಮ. ಕಾಲು ಚಾಚಿ ಗೋಡೆಗೆ ಒರಗಿದೆ.

"ಶುಕ್ರವಾರ ಜಲ್ದಿ ಏಳ್ಬೇಕು ನೋಡು," ಎಂದಳು. "ರೊಟ್ಟಿ ಬಡಿಯಾಕ ನೀನೂ ಕೈ ಹಚ್ಚು."

"ಶುಕ್ರವಾರ ಏನೈತಬೇ?"

"ತಲಿ ಎಲ್ಲಿ ಇಟ್ಟೀದಿ? ಎಳ್ಳಮಾಸಿ ಅಲ್ಲೇನು!"

ನಮ್ಮ ಟಿಕೆಟ್ಟೂ ಶುಕ್ರವಾರದ್ದೇ.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಹೊಲ ಇದ್ದವರು ಯಾರೂ ಊರಲ್ಲಿ ಇರುವುದಿಲ್ಲ. ಇಡೀ ಮನೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಬೇಕು. ಭೂಮ್ತಾಯಿ ಬಸುರಿ, ಅವಳಿಗೆ ಬಯಕೆಯ ಊಟ ಬಡಿಸಬೇಕು. ಮಾಡಿದ ಅಡುಗೆಯನ್ನೆಲ್ಲ ಒಂದಿಷ್ಟು ಕಲಸಿ ಹೊಲದ ಸುತ್ತ ಚೆಲ್ಲುತ್ತ ಬರುವುದಕ್ಕೆ ಚರಗ ಅನ್ನುತ್ತೇವೆ. ಅವತ್ತು ಮನೆಮಗಳು ಇಲ್ಲ ಎಂದರೆ ಅವ್ವನ ಪಾಲಿಗೆ ಚರಗವೇ ಆದಂತಲ್ಲ.

ಹಿತ್ತಲಿಗೆ ಹೋಗಿ ವಿರೇಶನಿಗೆ ಫೋನ್ ಹಚ್ಚಿದೆ. ಸಿಟ್ಟು ನೆತ್ತಿಗೇರಿತ್ತು.

"ಟಿಕೆಟ್ ತೆಗೆಯೋಮುಂದ ಕ್ಯಾಲೆಂಡರ್ ನೋಡ್ಬಾರದೇನ್ರಿ? ಎಳ್ಳಮಾಸಿ ಅವತ್ತು!"

"ಆ ದಿನ ಯಾವ ಸಾಲ್ಯಾಗೂ ಪ್ರಾಕ್ಟೀಸ್ ಇಲ್ಲ, ಅದೊಂದ ದಿನ ನನಗ ಬಿಡುವು ಅಂತ ನೀವ ಹೇಳಿದ್ರಲ್ರಿ."

"ಯಾಕ ಬಿಡುವು ಅಂತ ಕೇಳಬೇಕಿಲ್ಲೇನು? ಮಕ್ಕಳೆಲ್ಲ ಹೊಲಕ್ಕ ಹೋಗಿರ್ತಾರ, ಅದಕ್ಕ!"

"ನಮಗ ಹೊಲ ಇಲ್ಲಲ್ರಿ ಟೀಚರ್," ಎಂದ ಮೆಲ್ಲಗೆ. "ನಮಗ ಎಳ್ಳಮಾಸಿ ಅಂದ್ರ ಅಂಗಡಿಗೆ ಯಾರೂ ಬರಲಾರದ ದಿನ. ಅಷ್ಟ ನೆನಪಿತ್ತು."

ತಪ್ಪು ಅವನದೋ ನನ್ನದೋ? ಹೊಲದಲ್ಲಿ ಹುಟ್ಟಿ ಬೆಳೆದವಳು ನಾನು. ಬಿಡುವು ಸಿಕ್ಕಿತೆಂಬ ಖುಷಿಯಲ್ಲಿ ಯಾಕೆ ಸಿಕ್ಕಿತೆಂದು ನಾನೂ ಯೋಚಿಸಿರಲಿಲ್ಲ.

"ಬ್ಯಾಡ ಬಿಡ್ರಿ," ಎಂದ. "ಟಿಕೆಟ್ ಚಿಕ್ಕಮ್ಮನ ಮಕ್ಕಳಿಗೆ ಕೊಡ್ತೀನಿ. ನೀವು ಆರಾಮ ಮಾಡ್ರಿ."

ಅವನ ದನಿಯಲ್ಲಿ ಒಂದಿಷ್ಟಾದರೂ ಮುನಿಸು ಇದ್ದಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ. ಮುನಿಸಿರಲಿಲ್ಲ. ಕೇಳಿ ಕೇಳಿ ಅವನೂ ದಣಿದಿದ್ದ. ಈ ಸಲ ನಾನು ಬಿಟ್ಟರೆ ಅವನು ಗಂಗಾವತಿಗೆ ಹೋಗುತ್ತಾನೆ, ಮುಂದಿನ ಚಳಿಗಾಲಕ್ಕೆ ನವಿಲುಗಳ ಗಂಟು ಹೊತ್ತು ಬೇರೆ ಯಾರೋ ಬರುತ್ತಾರೆ.

"ಟಿಕೆಟ್ ಯಾರಿಗೂ ಕೊಡಬ್ಯಾಡ್ರಿ," ಎಂದು ಫೋನಿಟ್ಟು ಒಳಗೆ ಹೋದೆ.

"ಅವ್ವಾ, ಶುಕ್ರವಾರ ನಾ ಹೈದರಾಬಾದಿಗೆ ಹೋಗ್ಬೇಕು. ಬ್ಯಾಲೆ ನೋಡಾಕ."

"ಹಂಗಂದ್ರ?"

"ಡ್ಯಾನ್ಸ್‌ಬೇ."

"ಅಯ್ಯ ನನ್ನವ್ವ, ದಿನಾ ಕುಣಿಸಿ ಕುಣಿಸಿ ಸಾಯಾಕತ್ತೀದಿ. ಇನ್ನೂ ಸಾಕಾಗಿಲ್ಲೇನು?"

"ಮಂದಿ ಕುಣಿಯೋದು, ನಾ ಕುಂತು ನೋಡೋದು. ಒಂದು ಸಲ ಬೇ. ಒಂದ ಸಲ."

ಅವ್ವನ ಕೈ ನಿಂತಿತು. "ಒಬ್ಬಾಕಿನ ಹೋಗ್ತೀ?"

"ಇಲ್ಲ. ವಿರೇಶನ ಜೋಡಿ."

"ಡ್ರೆಸ್ಸಿನ ವಿರೇಶ?"

"ಹೂಂ."

ನಮ್ಮವ್ವ ಗುರುಲಿಂಗಮ್ಮ ಕೂಗಾಡುತ್ತಾಳೆ ಅಂತ ನಾನು ಹಲ್ಲು ಕಚ್ಚಿ ಕೂತಿದ್ದೆ. ಅವಳು ಎಳ್ಳನ್ನು ಮೊರಕ್ಕೆ ಸುರಿದು, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡಿದಳು. "ಚರಗ ಹೊತ್ತೇರೋದ್ರಾಗ ಮುಗಿಸೂಣು. ಅವನ್ನೂ ಸೀದಾ ಹೊಲಕ್ಕ ಬಾ ಅನ್ನು. ಉಂಡು ಹೋಗ್ರಿ," ಎಂದಳು.

ಶುಕ್ರವಾರ ನಸುಕಿನಲ್ಲೇ ಹೊಲ ಸೇರಿದೆವು. ನಮ್ಮ ಜೋಳ ತೆನೆ ಕಟ್ಟಿತ್ತು, ಕಡಲೆಯ ಮೇಲೆ ಇಬ್ಬನಿ ಕೂತಿತ್ತು. ಅವ್ವ ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಹಚ್ಚಿದಳು. ಅತ್ತಿಗೆ ಬುತ್ತಿ ಬಿಚ್ಚಿದಳು. ಅಷ್ಟೊತ್ತಿಗೆ ವಿರೇಶನ ಬೈಕು ಬಂತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಾಲಿಶ್ ಹಾಕಿದ ಬೂಟು. ನನ್ನನ್ನು ನೋಡಿದ, ನನ್ನ ಇಳಕಲ್ ಸೀರೆ ನೋಡಿದ, ಆಮೇಲೆ ಅಣ್ಣನನ್ನು ಕಂಡು ಗಡಬಡಿಸಿ ಜೋಳದ ಕಡೆ ನೋಡಿದ.

"ಕಿರೀಟ ಎಲ್ರಿ?" ಎಂದೆ, ಅವನಿಗಷ್ಟೇ ಕೇಳುವಂತೆ.

"ಬ್ಯಾಗಿನಾಗ ಐತಿ," ಎಂದ.

ಪೂಜೆ ಮುಗಿಯಿತು. ಅಣ್ಣ ಕರಿಬಸಪ್ಪ ಚರಗದ ಬುಟ್ಟಿ ಎತ್ತಿಕೊಂಡ. ಬುಟ್ಟಿಯವನ ಹಿಂದೆ ಇನ್ನೊಬ್ಬ ಗಂಡಸು ತಂಬಿಗೆ ಹಿಡಿದು, ಚೆಲ್ಲಿದ ಚರಗದ ಮೇಲೆ ನೀರು ಹನಿಸುತ್ತ ಹೋಗಬೇಕು. ಆ ತಂಬಿಗೆಯನ್ನು ಮನೆಯವರೇ ಹಿಡಿಯಬೇಕು. ಅಪ್ಪ ಇದ್ದಾಗ ಬುಟ್ಟಿ ಅಪ್ಪನದು, ತಂಬಿಗೆ ಅಣ್ಣನದು. ಅಪ್ಪ ಹೋದ ಮೇಲೆ ತಂಬಿಗೆಗಾಗಿ ಅವ್ವ ವರ್ಷವೂ ಚಿಕ್ಕಪ್ಪನನ್ನು ಊರಿಂದ ಕರೆಸುತ್ತಿದ್ದಳು. ಈ ವರ್ಷ ಕರೆಸಿರಲಿಲ್ಲ. ಅದು ನನ್ನ ಗಮನಕ್ಕೆ ಬಂದದ್ದೇ ಆಗ.

ಅವ್ವ ತಂಬಿಗೆ ತುಂಬಿ ವಿರೇಶನ ಮುಂದೆ ಹಿಡಿದಳು. "ತಗೋಪಾ."

ಅಣ್ಣ ಅವ್ವನನ್ನು ನೋಡಿದ, ನನ್ನನ್ನು ನೋಡಿದ. ವಿರೇಶನಿಗೆ ಹೊಲ ಇಲ್ಲದಿರಬಹುದು, ಆ ತಂಬಿಗೆಯ ಅರ್ಥ ತಿಳಿಯದಷ್ಟು ಹೊರಗಿನವನೇನಲ್ಲ. ಮುಂದೆ ಬಂದ ಕೈಯನ್ನು ಅರ್ಧಕ್ಕೇ ನಿಲ್ಲಿಸಿದ.

"ಅವ್ವಾರ, ಹಿಡೀತೀನ್ರಿ. ಆದ್ರ ಟೀಚರ್ ಹೇಳಿದ್ರ ಮಾತ್ರ."

ಎಲ್ಲರೂ ನನ್ನ ಕಡೆ ತಿರುಗಿದರು. ಗ್ಯಾದರಿಂಗ್ ಮುಗಿಯಲಿ ಅನ್ನುವ ಮಾತು ರೂಢಿಯಿಂದ ನಾಲಿಗೆಯ ತುದಿಗೆ ಬಂತು. ನುಂಗಿದೆ.

"ಹಿಡೀರಿ," ಎಂದೆ. "ಒಮ್ಮೆಲೆ ಸುರುವಬ್ಯಾಡ್ರಿ. ಬದು ಮುಗಿಯೋತನಕ ನೀರು ಬರ್ಬೇಕು."

ಅವನು ಬೂಟು ಬಿಚ್ಚಿದ, ಪ್ಯಾಂಟು ಮಡಚಿದ, ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅಣ್ಣನ ಹಿಂದೆ ಹೊರಟ. ಅಣ್ಣ ಬೇಕಂತಲೇ ನಿಧಾನ ನಡೆದನೋ ಏನೋ! ಹತ್ತು ಹೆಜ್ಜೆಗೊಮ್ಮೆ ನಿಂತು ಚರಗದ ಕೂಗು ಹಾಕುತ್ತಿದ್ದ. ಹೆಂಟೆಯ ಮೇಲೆ ಬರಿಗಾಲಿಟ್ಟು ವಿರೇಶ ಮುಖ ಕಿವುಚುತ್ತಿದ್ದ, ಆದರೆ ನೀರು ಮಾತ್ರ ಅಳೆದಂತೆ ಹನಿಸುತ್ತಿದ್ದ. ಅವರು ಆಚೆಯ ಬದು ಮುಟ್ಟಿದಾಗ ರಸ್ತೆಯಲ್ಲಿ ಹಾರ್ನ್ ಕೇಳಿಸಿತು. ಧೂಳೆಬ್ಬಿಸಿಕೊಂಡು ನಮ್ಮ ಒಂಬತ್ತರ ಬಸ್ಸು. ಹಬ್ಬದ ದಿನ ಬಸ್ಸುಗಳೇ ಕಡಿಮೆ. ಇದು ತಪ್ಪಿದರೆ ರಾಯಚೂರಿನದೂ ತಪ್ಪಿತು, ಬ್ಯಾಲೆಯೂ ತಪ್ಪಿತು.

ಎದ್ದು ನಿಂತು ಕೂಗಿದೆ. "ವಿರೇಶಾ! ಬಸ್ ಹೋತು!"

ಅವನು ರಸ್ತೆಯ ಕಡೆ ನೋಡಿದ, ತಂಬಿಗೆಯೊಳಗೆ ನೋಡಿದ. ಜೋಳದ ಮೇಲಿಂದ ಕೂಗಿ ಹೇಳಿದ. "ಹೋಗ್ಲಿ ಬಿಡ್ರಿ! ತಂಬಿಗ್ಯಾಗ ಇನ್ನೂ ಅರ್ಧ ನೀರೈತಿ!"

ನನಗೆ ನಗು ಬಂತು. ನಗುತ್ತ ನಗುತ್ತ ಅಳುವೂ ಬಂತು, ಎರಡೂ ಕೂಡಿಯೇ ಬಂದವು.

"ಏನಾತ? ನಗಾಕತ್ತೀದ್ಯೋ ಅಳಾಕತ್ತೀದ್ಯೋ?" ಎಂದಳು ಅವ್ವ.

"ಸಾಕಾಗೈತಬೇ," ಎಂದೆ.

ಅವ್ವ ಬನ್ನಿಗಿಡದ ನೆರಳಿಗೆ ಕೌದಿ ಹಾಸಿದಳು. "ಮಲ್ಕೋ."

ಮಲಗಿದೆ. ಯಾವ ಪ್ರಾಕ್ಟೀಸೂ ಇಲ್ಲದ, ಯಾವ ಬಸ್ಸೂ ಹಿಡಿಯಬೇಕಿಲ್ಲದ ಅಂಥ ನಿದ್ದೆ ಮಾಡಿ ಎಷ್ಟು ಕಾಲವಾಗಿತ್ತೋ.

ಎದ್ದಾಗ ಹೊತ್ತು ಇಳಿದಿತ್ತು. ಅವ್ವ, ಅತ್ತಿಗೆ ಆಚೆ ಕಡಲೆ ಕಿತ್ತು ತಿನ್ನುತ್ತ ಕೂತಿದ್ದರು. ವಿರೇಶ ನನ್ನ ಪಕ್ಕ, ಒಂದು ಮಾರು ದೂರದಲ್ಲಿ, ನನ್ನ ಪಾಲಿನ ಬುತ್ತಿಗೆ ಇರುವೆ ಮುತ್ತದಂತೆ ಕಾಯುತ್ತಿದ್ದ. ಬಿಳಿ ಅಂಗಿಗೆ ಎಣ್ಣೆಗಾಯಿಯ ಕಲೆ, ಪಾದ ತುಂಬ ಕರಿಮಣ್ಣು.

"ಗಂಗಾವತಿಗೆ ಹೋಗಬ್ಯಾಡ," ಎಂದೆ. ನಿದ್ದೆಗಣ್ಣಲ್ಲಿ ಮೊದಲು ಬಂದ ಮಾತೇ ಅದು. "ನನಗ ನೀ ಬೇಕು ವಿರೇಶ. ನಾ ದಣಿದೀನಿ, ಮಂಡಿ ನೋಯ್ತಾವ, ಸಿಟ್ಟು ಮೂಗಿನ ಮ್ಯಾಲ. ಆದ್ರೂ ನೀ ಬೇಕು. ಭಾಳ ದಿನ ಆತು ಬೇಕಾಗಿ."

ಅವನು ರೊಟ್ಟಿಯ ಮೇಲಿನ ಇರುವೆಯೊಂದನ್ನು ತೆಗೆದು ಕೆಳಗೆ ಬಿಟ್ಟ.

"ಗ್ಯಾದರಿಂಗ್ ಮುಗೀಲಿ ಅಂತೀಯೇನು ಮತ್ತ?"

"ಇಲ್ಲ. ಗ್ಯಾದರಿಂಗ್ ನಡುವನ ಮದುವಿ. ನವಿಲುಗಳನ್ನೂ ಕರಿಯೋಣ."

ಆಗ ಅವನು ನಕ್ಕ. ಆಮೇಲೆ ಹೈದರಾಬಾದಿನ ದಿಕ್ಕಿಗೆ ನೋಡಿ, "ಈಗ ಅಲ್ಲಿ ಏನ್ ಮಾಡ್ತಿರ್ತಾರ?" ಎಂದ. ಆ ದನಿಯಲ್ಲಿ ಮರುಕವಿತ್ತು, ನನಗಾಗಿ.

"ಕಾಲಿಗೆ ಪಟ್ಟಿ ಸುತ್ಕೊಳ್ಳಾಕತ್ತಿರ್ತಾರ. ಏಳು, ತೋರಿಸ್ತೀನಿ."

ಅವನನ್ನು ನಿಲ್ಲಿಸಿ, ಅವನ ಹೆಗಲ ಮೇಲೆ ಕೈಯಿಟ್ಟೆ. ಕರಿಮಣ್ಣಿನಲ್ಲಿ ಬೆರಳೂರಿ ಮೆಲ್ಲಗೆ ಹಿಮ್ಮಡಿ ಎತ್ತಿದೆ. ಜೋಳದ ತೆನೆಗಳು ಕಣ್ಣಿನ ಮಟ್ಟಕ್ಕೆ ಬಂದವು. ಮಂಡಿ ಲಟಕ್ ಎಂದಿತು, ಕೆಳಗಿಳಿದೆ.

"ಇಷ್ಟೇನಾ?" ಎಂದ, ಕಣ್ಣಲ್ಲೇ ಕೆಣಕುತ್ತ. "ಅವ್ರು ಎಷ್ಟೊತ್ತು ನಿಲ್ತಾರ ಹಂಗ?"

"ಹಿಡ್ಕೊಂಡಾವ ಅಲುಗಾಡದಿದ್ರ ಭಾಳೊತ್ತು."

ಅವನು ಕಾಲು ಅಗಲಿಸಿ ಗಟ್ಟಿಯಾಗಿ ನಿಂತ. ನಾನು ಮತ್ತೆ ಹಿಮ್ಮಡಿ ಎತ್ತಿದೆ.