ಅಳಿಲಿನ ಪಾಠಶಾಲೆಯ ಎರಡನೇ ಪ್ರತಿ

ಸರಸ್ವತಿ ಪೂಜೆಯ ಮರುದಿನ. ಬೆಳಿಗ್ಗೆ ಏಳಕ್ಕೆ ಶೋಭಾಬಜಾರಿನ ಹಳೆಯ ಗ್ರಂಥಾಲಯದ ಬಾಗಿಲು ತೆರೆದಾಗ ಕಲಶ ಉರುಳಿ ಬಿದ್ದಿತ್ತು. ಪೂಜೆಗೆಂದು ದೇವಿಯ ಪಾದದ ಬಳಿ ಪುಸ್ತಕಗಳ ರಾಶಿಯಲ್ಲಿ ಇಟ್ಟಿದ್ದ 'ಅಳಿಲಿನ ಪಾಠಶಾಲೆ' ನೆನೆದು ಮುದ್ದೆಯಾಗಿತ್ತು.

ತೊಂಬತ್ತು ವರ್ಷ ಹಿಂದಿನ ಮಕ್ಕಳ ಪುಸ್ತಕ. ಇಡೀ ಕಲ್ಕತ್ತೆಯಲ್ಲಿ ಉಳಿದಿದ್ದದ್ದು ಎರಡೇ ಪ್ರತಿ. ಒಂದು ಇದು. ಇನ್ನೊಂದು ಗ್ರಂಥಾಲಯದ ಅಧ್ಯಕ್ಷ ನಿಶಾಕಾಂತ ಲಾಹಿಡಿಯವರ ಮನೆಯಲ್ಲಿ.

"ಕೀಲಿ ಇರೋದು ನನ್ನ ಹತ್ರ, ಈ ಪಾರುಲ್ ಹತ್ರ," ಎಂದರು ಲಾಹಿಡಿ. "ನಿನ್ನೆ ಇವಳು ಪುಸ್ತಕದ ರಾಶಿಗೆ ಕೈ ಹಾಕಿದ್ದನ್ನ ಪುರೋಹಿತರೇ ನೋಡಿದ್ದಾರೆ. ಪೂಜೆಯ ದಿನ ಯಾರಾದ್ರೂ ಪುಸ್ತಕ ಮುಟ್ತಾರಾ?"

"ಯಾಕಮ್ಮ ಕೈ ಹಾಕ್ದೆ?" ಠಾಣೆಯಿಂದ ಬಂದಿದ್ದ ದಾರೋಗಾ ಶ್ಯಾಮಾಪದ ಕೇಳಿದರು.

ಇಪ್ಪತ್ತಾರು ವರ್ಷದಿಂದ ಅಲ್ಲಿ ಕಸ ಗುಡಿಸುತ್ತಿದ್ದ ಪಾರುಲ್ ತಲೆ ತಗ್ಗಿಸಿದಳು.

"ಸಂಜೆಯೊಳಗೆ ಹಿಂದಿನ ಕೋಣೆ ಖಾಲಿ ಮಾಡ್ಲಿ," ಎಂದರು ಲಾಹಿಡಿ.

ಆ ಕೋಣೆಯಲ್ಲಿ ಅವಳ ಮೊಮ್ಮಗಳು ಟುಸು ಓದುತ್ತಿದ್ದಳು. ಮುಂದಿನ ವಾರ ಹತ್ತನೇ ತರಗತಿಯ ಪರೀಕ್ಷೆ.

* * *

ಹಿರಣ್ಮಯಿ ಆ ಗ್ರಂಥಾಲಯವನ್ನು ಮೂವತ್ತು ವರ್ಷ ನೋಡಿಕೊಂಡವರು. ಈಗ ಎಪ್ಪತ್ತೊಂದು. ಸುದ್ದಿ ಕೇಳಿ ಡಬ್ಬಿ ಹಿಡಿದು ಬಂದರು. ಸರಸ್ವತಿ ಪೂಜೆಯ ಮರುದಿನ ಬಂಗಾಳಿ ಮನೆಗಳಲ್ಲಿ ಒಲೆ ಹಚ್ಚುವುದಿಲ್ಲ. ನಿನ್ನೆ ಬೇಯಿಸಿದ ಇಡೀ ಬದನೆ, ಇಡೀ ಆಲೂಗಡ್ಡೆ.

"ಮೊದಲು ತಿನ್ನು. ಅಳೋದು ಆಮೇಲೆ."

ಪಾರುಲ್ ತಿನ್ನುವಷ್ಟರಲ್ಲಿ ಅವರು ಮುದ್ದೆಯ ಮುಂದೆ ಕುಳಿತು ಕನ್ನಡಕ ಒರೆಸಿಕೊಂಡರು.

"ದಾರೋಗಾಬಾಬು, ಪಕ್ಕದ ಪುಸ್ತಕಗಳ ಅಂಚು ಮಾತ್ರ ಒದ್ದೆ. ಇದೊಂದು ಮಾತ್ರ ಹೀಗೆ. ಒಂದು ಕಲಶದ ನೀರಿಗೆ ಇಷ್ಟಾಗುತ್ತಾ?"

"ಅಂದ್ರೆ ಬೇರೆ ಕಡೆ ನೆನೆಸಿ ತಂದಿದ್ದಾರೆ?"

"ನಮ್ಮ ಪ್ರತಿಯ ಮೊದಲ ಹಾಳೆಗೆ ನೇರಳೆ ಮುದ್ರೆ ಇತ್ತು. ನಾನೇ ಒತ್ತಿದ್ದು. ನೀರು ಬಿದ್ರೆ ಆ ಶಾಯಿ ಹರಡಿ ಎಲ್ಲಾ ನೇರಳೆ ಆಗಬೇಕು. ಇದರಲ್ಲಿ ಒಂದು ಚುಕ್ಕೆನೂ ಇಲ್ಲ. ಅಕ್ಷರ ಅದೇ, ರಟ್ಟಿನ ಮೇಲಿನ ಅಳಿಲೂ ಅದೇ. ಆದ್ರೆ ಇದು ನಮ್ಮ ಪ್ರತಿ ಅಲ್ಲ."

ಇರುವುದೇ ಎರಡು. ದಾರೋಗಾ ಟೋಪಿ ಹಾಕಿಕೊಂಡರು.

"ಸ್ವಲ್ಪ ತಾಳಿ," ಎಂದು ಹಿರಣ್ಮಯಿ ಪಾರುಲ್ ಕಡೆ ತಿರುಗಿದರು. "ಈಗ ಹೇಳು. ಒಳಗೆ ಏನಿಟ್ಟೆ?"

ಪಾರುಲ್ ಬೆಚ್ಚಿದಳು. "ನಿಮಗೆ ಹೇಗೆ ಗೊತ್ತಾಯ್ತು ದೀದಿಮಣಿ?"

"ಕದಿಯೋಕೆ ಕೈ ಹಾಕಿದ್ರೆ ಇಷ್ಟು ಹೊತ್ತಿಗೆ ಹತ್ತು ಸುಳ್ಳು ಹೇಳ್ತಿದ್ದೆ."

ಪೂಜೆಯ ದಿನ ಪುಸ್ತಕ ಮುಟ್ಟಿದ್ದಕ್ಕೆ ನಾಚುತ್ತ ಪಾರುಲ್ ಅವರ ಕಿವಿಯಲ್ಲಿ ಪಿಸುಗುಟ್ಟಿದಳು.

* * *

ಲಾಹಿಡಿಯವರ ಕೋಣೆಯಲ್ಲಿ ಪುಸ್ತಕ ಗಾಜಿನ ಪೆಟ್ಟಿಗೆಯಲ್ಲಿತ್ತು. ನಾಳೆ ದಿಲ್ಲಿಯಿಂದ ಹರಾಜಿನವರು ಬರುವವರಿದ್ದರು.

"ಚಹಾ ಕೊಡೋಣ ಅಂದ್ರೆ ಇವತ್ತು ಒಲೆ ಹಚ್ಚಲ್ಲ, ದೀದಿ," ಎಂದು ನಕ್ಕರು.

"ಇರಲಿ ನಿಶಾಕಾಂತಬಾಬು. ಇದು ಯಾಕಿಷ್ಟು ಅಪರೂಪ ಅಂತ ದಾರೋಗಾಬಾಬುಗೆ ಹೇಳಿ."

ಲಾಹಿಡಿಗೆ ಉತ್ಸಾಹ ಬಂತು. "ಅಚ್ಚಾಗಿದ್ದೇ ಮುನ್ನೂರು. ಅರ್ಧ, ಹಾಳೆ ಹೊಲಿದು ರಟ್ಟು ಹಾಕೋಕೆ ಮೊದಲೇ ಗೆದ್ದಲ ಪಾಲು. ಉಳಿದದ್ದು ಮಕ್ಕಳ ಕೈಗೆ. ಬಣ್ಣ ಬಳಿದ್ರು, ಚಿತ್ರ ಕತ್ತರಿಸಿ ಗೋಡೆಗೆ ಅಂಟಿಸಿದ್ರು. ದೊಡ್ಡವರ ಪುಸ್ತಕ ಕಪಾಟಿನಲ್ಲಿ ಉಳಿಯುತ್ತೆ ಸ್ವಾಮಿ. ಮಕ್ಕಳು ಪ್ರೀತಿಸಿದ್ದು ಎಲ್ಲಿ ಉಳಿಯುತ್ತೆ!"

"ನಿಮ್ಮದರಲ್ಲಿ ಎಲ್ಲ ಚಿತ್ರ ಇದೆಯಾ? ಇಷ್ಟು ವರ್ಷ ರಟ್ಟು ಬಿಟ್ಟು ಬೇರೇನೂ ತೋರಿಸಿಲ್ಲ ನೀವು."

"ಇಪ್ಪತ್ತು ಚಿತ್ರಾನೂ ಇದೆ. ಹದಿನೈದು ವರ್ಷದಿಂದ ಕಬ್ಬಿಣದ ಕಪಾಟಿನಲ್ಲಿತ್ತು. ನಿನ್ನೆ ಪೂಜೆಗೂ ಹೊರಗೆ ತೆಗೆದಿಲ್ಲ."

"ಹಾಗಾದ್ರೆ ಕಾಗೆ ಮೇಷ್ಟ್ರ ಚಿತ್ರ ತೆಗೀರಿ."

ಲಾಹಿಡಿ ಕದಲಲಿಲ್ಲ. ದಾರೋಗಾ ಪೆಟ್ಟಿಗೆಯ ಮುಚ್ಚಳ ಎತ್ತಿದರು. ಹಿರಣ್ಮಯಿ ಸೆರಗಿನಿಂದ ಕೈ ಒರೆಸಿಕೊಂಡು ಪುಟ ತಿರುವಿದರು.

ಬೆತ್ತ ಹಿಡಿದ ಕಾಗೆಯ ಪಕ್ಕದಲ್ಲಿ ಒಂದು ಬಿಲ್ವಪತ್ರೆ. ಇನ್ನೂ ಹಸಿರು. ಅದರ ಮೇಲೆ ರಕ್ತಚಂದನದಲ್ಲಿ ಬರೆದ ಹೆಸರು: ಟುಸು.

"ಪಾರುಲ್‌ಗೆ ಓದೋಕೆ ಬರಲ್ಲ," ಎಂದರು ಹಿರಣ್ಮಯಿ. "ಆದ್ರೆ ಕಾಗೆ ಮೇಷ್ಟ್ರು ಇರೋ ಪುಟ ಗೊತ್ತು. ಮೊಮ್ಮಗಳ ಪರೀಕ್ಷೆ ಮುಗಿಯೋವರೆಗೂ ಇರಲಿ ಅಂತ, ಅವಳೇ ಹೆಸರು ಬರೆದ ದೇವಿಯ ಎಲೆ ಅಲ್ಲಿಟ್ಟಳು. ನಿಮ್ಮ ಪ್ರತಿಯಲ್ಲಿ ಚಿತ್ರಗಳು ಇಲ್ಲ, ಅಲ್ವಾ? ಅದನ್ನ ನೆನೆಸಿ ಅಲ್ಲಿಟ್ರಿ, ಎಲ್ಲ ಚಿತ್ರ ಇರೋ ನಮ್ಮ ಪ್ರತಿಯನ್ನ ತಂದ್ರಿ. ಮುದ್ರೆಯ ಹಾಳೆ ಕಿತ್ತು ನಿಮ್ಮ ಹಾಳೆ ಅಂಟಿಸಿದ್ರಿ. ನಮ್ಮದು ಸತ್ತ ಮೇಲೆ ನಿಮ್ಮದು ಲೋಕಕ್ಕೆ ಒಂದೇ."

"ಎಲೆ ಕಂಡಿರಲಿಲ್ವಾ?" ದಾರೋಗಾಗೆ ಆಶ್ಚರ್ಯ. "ಎಸೆದಿದ್ರೆ ನಾವು ಬರಿಗೈಲಿ ಹೋಗ್ತಿದ್ವಿ!"

ಲಾಹಿಡಿ ಕುರ್ಚಿಯಲ್ಲಿ ಕುಳಿತರು. "ಕಂಡಿತ್ತು," ಎಂದರು ಮೆಲ್ಲಗೆ. "ದೇವಿಯ ಎಲೆ ಕಸಕ್ಕೆ ಹೇಗೆ ಎಸೀಲಿ? ಸಂಜೆ ವಿಸರ್ಜನೆಗೆ ಹೋದಾಗ ಗಂಗೆಗೆ ಬಿಡೋಣ ಅಂತಿದ್ದೆ."

ಯಾರೂ ನಗಲಿಲ್ಲ.

ದಾರೋಗಾ ಸಾಕ್ಷಿಯ ಲಕೋಟೆ ತೆಗೆದು ಎಲೆಗೆ ಕೈ ಚಾಚಿದರು. ಹಿರಣ್ಮಯಿ ಪುಟದ ಮೇಲೆ ಅಂಗೈ ಇಟ್ಟರು.

"ಪರೀಕ್ಷೆ ಇನ್ನೂ ಮುಗಿದಿಲ್ಲ, ದಾರೋಗಾಬಾಬು."

ದಾರೋಗಾ ಲಕೋಟೆಯನ್ನು ಜೇಬಿಗೆ ಸೇರಿಸಿ, ಪಂಚನಾಮೆಯಲ್ಲಿ ಬರೆದರು: 'ಎಲೆ ಪುಸ್ತಕದಲ್ಲೇ ಇದೆ.'