ಅಣ್ಣನ ಹೆಸರಿನ ನೀರು

ಮಳೆರಾಯ ಕಾಲಿಡದ ಕಡೆ, ಬಹಳ ಹಿಂದೆ, ಮರುಳಾವತಿ ಎಂಬ ಮರಳಿನ ರಾಜ್ಯವಿತ್ತು. ಅಲ್ಲಿ ಬಾವಿಯಿಂದ ನೀರು ಸೇದುವಾಗ ಯಾರಿಗೆಂದು ಹೆಸರು ಹೇಳಿಯೇ ಸೇದಬೇಕು. ಹೆಸರಿಲ್ಲದ ನೀರನ್ನು ಆ ಊರಿನ ಕತ್ತೆಯೂ ಮೂಸುತ್ತಿರಲಿಲ್ಲ.

ಅಲ್ಲಿದ್ದ ಕುಸುಮಾಲೆಗೆ ಹೆತ್ತವರಿಲ್ಲ, ಅಣ್ಣ ಬೊಮ್ಮರಸನೇ ಎಲ್ಲ. ಅವನು ಯಾತ್ರಿಕರನ್ನು ಕಾಲುದಾರಿಯಲ್ಲಿ ಕರೆದೊಯ್ದು ಕಲ್ಲಿನ ಕಮಾನು, ಉಪ್ಪಿನ ಕೆರೆ, ಹಾಡುವ ದಿಬ್ಬಗಳನ್ನು ತೋರಿಸುತ್ತಿದ್ದ. ಒಮ್ಮೆ ಮಾಂತ್ರಿಕ ಧೂಮಕೇಶ, ತನ್ನ ಮರಳು ತುಳಿದರೆಂದು ಸಿಟ್ಟಾಗಿ ಅವನನ್ನೂ ಯಾತ್ರಿಕರೆಲ್ಲರನ್ನೂ ಕಲ್ಲು ಮಾಡಿಬಿಟ್ಟ. ದಿಬ್ಬದಾಚೆಯ ಬಾವಿಯ ನೀರಿಗೆ ಕಲ್ಲನ್ನು ಎಬ್ಬಿಸುವ ಶಕ್ತಿಯಿದೆ ಎಂದು ಕೇಳಿ ಕುಸುಮಾಲೆ ಕೊಡ ಹಿಡಿದು ಹೊರಟಳು.

ಕಮಾನಿನ ಕೆಳಗೆ ದೈತ್ಯ ಉಡ ಅಡ್ಡಗಟ್ಟಿತು. "ಎಲ್ಲಿಗೆ?"

"ಅಣ್ಣನ್ನ ಕರಕೊಂಡು ಬರೋಕೆ."

"ನಿನ್ನ ನೆರಳು ಕೊಡು." ಕೊಟ್ಟಳು.

ಕೆರೆಯಲ್ಲಿ ಉಪ್ಪಿನ ಕೊಕ್ಕರೆ ಅಡ್ಡಗಟ್ಟಿತು. "ಎಲ್ಲಿಗೆ?"

"ಅಣ್ಣನ್ನ ಕರಕೊಂಡು ಬರೋಕೆ."

"ನಿನ್ನ ನಿದ್ದೆ ಕೊಡು." ಕೊಟ್ಟಳು.

ದಿಬ್ಬ ತಾನೇ ಎದ್ದು ನಿಂತು ಅವಳ ನಗುವನ್ನು ಕೇಳಿತು. ಅಣ್ಣ ಬಂದರೆ ನಗು ತಾನಾಗಿ ಬರುತ್ತದೆ ಎಂದುಕೊಂಡು ಅದನ್ನೂ ಕೊಟ್ಟಳು.

ಬಾವಿ ಸಿಕ್ಕಿತು. ಹುಟ್ಟಿದಾಗಿನಿಂದ ಬಂದ ರೂಢಿ, ಬಿಡುತ್ತದೆಯೇ? "ಬೊಮ್ಮರಸಣ್ಣನಿಗೆ" ಎನ್ನುತ್ತಾ ಸೇದಿದಳು. ಕಟ್ಟೆಯ ಮೇಲಿದ್ದ ಮುದಿ ಆಮೆ ನಿಟ್ಟುಸಿರಿಟ್ಟಿತು.

"ಹೆಸರು ಹೇಳದೆ ಸೇದಿದ್ದರೆ ಎಲ್ಲರೂ ಏಳುತ್ತಿದ್ದರಲ್ಲ ಮಗಳೇ. ಈಗ ನಿನ್ನಣ್ಣನೊಬ್ಬನೇ ಏಳುತ್ತಾನೆ."

"ಇನ್ನೊಂದು ಕೊಡ ಸೇದಲೇ ಅಜ್ಜ?"

"ಬಾವಿ ಒಬ್ಬರಿಗೆ ಒಂದೇ ಸಲ ಒಲಿಯುತ್ತದೆ. ಆದರೆ ಈ ನೀರು ಧೂಮಕೇಶನ ಗಂಟಲಿಗಿಳಿದರೆ ಅವನು ಬೂದಿಯಾಗುತ್ತಾನೆ, ಉಳಿದವರೆಲ್ಲ ಏಳುತ್ತಾರೆ. ನೀನು ಹೆಸರು ಹೇಳಿದವನು ಮಾತ್ರ ಎಂದೆಂದಿಗೂ ಕಲ್ಲು."

ಅಳುತ್ತಲೇ ಕಲ್ಲುಗಳ ಬಳಿಗೆ ಬಂದಳು. ಅಣ್ಣ ಎಲ್ಲರ ಮುಂದೆ ಊರಿನ ಕಡೆಗೆ ಕೈ ಚಾಚಿ ನಿಂತಿದ್ದ. ಅವನ ಹಿಂದೆ ಒಬ್ಬ ತಾಯಿ, ಅವಳ ಕಂಕುಳಲ್ಲಿ ಕಲ್ಲಿನ ಕೂಸು. ಪಕ್ಕದಲ್ಲೇ ಧೂಮಕೇಶ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.

ಕುಸುಮಾಲೆ ಅಣ್ಣನ ನೆತ್ತಿಯ ಮೇಲೆ ಕೊಡ ಎತ್ತಿದಳು. ಕೂಸಿನ ಮುಖ ನೋಡಿ ಇಳಿಸಿದಳು. ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. "ನಿನ್ನ ನಂಬಿ ಬಂದೋರು ಅಣ್ಣಯ್ಯ" ಎಂದು ಅವನ ಕೆನ್ನೆ ಸವರಿ, ನೀರನ್ನೆಲ್ಲ ಮಾಂತ್ರಿಕನ ಬಾಯಿಗೆ ಸುರಿದಳು.

ಮಾಂತ್ರಿಕ ಬೂದಿಯಾದ. ಅಣ್ಣನೊಬ್ಬನ ಹೊರತು ಕಲ್ಲುಗಳೆಲ್ಲ ಮೈಮುರಿದು ಎದ್ದವು. ಕೂಸು ಹಸಿದು ಅತ್ತಿತು. ಅದರ ತಾಯಿ ಕುಸುಮಾಲೆಯನ್ನು ಕೇಳಿದಳು, "ನಮ್ಮನ್ನ ಕರಕೊಂಡು ಬಂದ ಅಣ್ಣ ಎಲ್ಲಮ್ಮ? ಊರಿಗೆ ದಾರಿ ಯಾವುದು?"

"ಅವನು ಕೈ ತೋರಿಸ್ತಿರೋ ಕಡೆಗೆ ನಡೀರಿ" ಎಂದಳು ಕುಸುಮಾಲೆ.

ಅವರು ಹಾಗೆಯೇ ನಡೆದು ಮನೆ ಸೇರಿ ಮಕ್ಕಳು ಮೊಮ್ಮಕ್ಕಳೊಂದಿಗೆ ಸುಖವಾಗಿ ಬಾಳಿದರು. ಕುಸುಮಾಲೆ ಮಾತ್ರ ಆ ಕಲ್ಲಿನ ಪಕ್ಕದಲ್ಲೇ ಗುಡಿಸಲು ಕಟ್ಟಿಕೊಂಡಳು.