ಸಾಕ್ಷಿ ಒಪ್ಪದ ಮುಖ

"ನಾನು ಕೆಲಸ ಬಿಟ್ಟಿಲ್ಲ. ಆದ್ರೆ ಬೆಳಗ್ಗಿಂದ ಎಲ್ಲರೂ ಫೋನ್ ಮಾಡಿ ನನಗೆ ವಿದಾಯ ಹೇಳ್ತಿದಾರೆ. ಇದನ್ನ ಯಾರು ಮಾಡಿದ್ದು ಅಂತ ನೀವು ಕಂಡುಹಿಡಿದು ಕೊಡ್ಬೇಕು."

ನಮ್ಮ ಹಜಾರದ ಬೆತ್ತದ ಕುರ್ಚಿಯಲ್ಲಿ ಕೂತು ಹೀಗೆಂದವರ ಮುಖವನ್ನು ಪತ್ರಿಕೆ, ಟೀವಿಯಲ್ಲಿ ನೋಡದವರು ಯಾರೂ ಇರಲಿಲ್ಲ. ಪರದೆಯ ಮೇಲೆ ಕಾಣುವ ಮನುಷ್ಯ ಅಸಲಿಯೋ, ಕಂಪ್ಯೂಟರು ಹುಟ್ಟಿಸಿದ ನಕಲಿಯೋ ಎಂದು ಹೇಳುವ 'ಸಾಕ್ಷಿ' ಎಂಬ ತಂತ್ರಾಂಶ ಅವರ ಕಂಪನಿಯದು. ಬ್ಯಾಂಕಿನವರು, ನ್ಯಾಯಾಲಯದವರು, ಒಬ್ಬರ ಮೇಲೊಬ್ಬರಿಗೆ ಅನುಮಾನ ಬಂದ ಗಂಡ-ಹೆಂಡಿರು, ಎಲ್ಲರೂ ಅದು ಹೇಳಿದ್ದನ್ನು ಕಣ್ಣುಮುಚ್ಚಿ ನಂಬುತ್ತಿದ್ದರು. ಕಂಪನಿಯನ್ನು ಕಟ್ಟಿದವರೂ ಇವರೇ, ಮೊದಲ ದಿನದಿಂದ ಅದರ ಮುಖ್ಯಸ್ಥರೂ ಇವರೇ. ಅಲ್ಲಿ ಅವರನ್ನು 'ದೊಡ್ಡೋರು' ಎಂದೇ ಕರೆಯುತ್ತಿದ್ದರು. ಆ ದಿನ ಮಾತ್ರ ಬಸ್ಸು ತಪ್ಪಿಸಿಕೊಂಡವರ ಹಾಗೆ ಕಾಣುತ್ತಿದ್ದರು.

ಅವರು ಹುಡುಕಿಕೊಂಡು ಬಂದದ್ದು ನನ್ನ ಅತ್ತಿಗೆಯನ್ನು. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಕೂದಲು ಬೆಳ್ಳಗಾಗುವ ತನಕ ದುಡಿದು, ಈಗ ಮನೆಗೆ ಬಂದ ಪ್ರಕರಣಗಳನ್ನು ಬಿಡಿಸುತ್ತಿದ್ದವರು ಅತ್ತಿಗೆ. ಅಣ್ಣ ತೀರಿಕೊಂಡ ಮೇಲೆ, ನನ್ನ ಫೋಟೋ ಸ್ಟುಡಿಯೋಗೆ ಬೀಗ ಬಿದ್ದ ಮೇಲೆ, ನಾವಿಬ್ಬರೂ ಒಂದೇ ಮನೆಯಲ್ಲಿ ದಿನಾ ಜಗಳವಾಡಿಕೊಂಡು ಚೆನ್ನಾಗಿಯೇ ಇದ್ದೆವು. ತಲೆ ಓಡಿಸುವುದು ಅವರ ಕೆಲಸ. ಕಾರು ಓಡಿಸುವುದು, ಟೀ ಮಾಡುವುದು, ತಪ್ಪು ಊಹೆ ಮಾಡುವುದು ನನ್ನವು.

ಟೀ ಕೊಟ್ಟೆ. ಫೋಟೋ ಸ್ಟುಡಿಯೋ ಇಟ್ಟಿದ್ದ ಮೈದುನ ಎಂದು ಅತ್ತಿಗೆ ನನ್ನ ಪರಿಚಯ ಮಾಡಿದರು. ದೊಡ್ಡೋರು ಎರಡು ಚಮಚ ಸಕ್ಕರೆ ಹಾಕಿ ಕಲಕಿದರು. ಮಾತಾಡುತ್ತಾ ಮತ್ತೆರಡು ಚಮಚ ಹಾಕಿ ಕಲಕಿದರು. ಇಷ್ಟು ದೊಡ್ಡ ಮನುಷ್ಯನಿಗೆ ಇಷ್ಟು ಸಿಹಿ ಚಪಲವೇ ಎಂದುಕೊಂಡೆ. ಬಲಗೈ ಹೆಬ್ಬೆರಳಿಗೆ ಔಷಧದ ಪಟ್ಟಿ ಇದ್ದುದರಿಂದ ಚಮಚ ಹಿಡಿಯಲು ಒದ್ದಾಡುತ್ತಿದ್ದರು.

"ಬೆರಳಿಗೇನಾಯ್ತು?" ಅತ್ತಿಗೆ ಕೇಳಿದರು.

"ಎಲ್ಲೋ ತಾಗಿರ್ಬೇಕು ಬಿಡಿ. ನೀವು ಇದನ್ನ ನೋಡಿ" ಎಂದು ಮೊಬೈಲು ಚಾಚಿದರು.

ಅದರಲ್ಲಿ ಅವರೇ ಇದ್ದರು. ಹಿಂದೆ ಬರೀ ಗೋಡೆ, ಮುಂದೆ ಒಂದು ಮರದ ಮೇಜಿನ ಅಂಚು. ತಡೆದು ತಡೆದು ಮಾತಾಡುತ್ತಿದ್ದರು. "ಮುಖ್ಯಸ್ಥನ ಕುರ್ಚಿ ಬಿಡ್ತಿದೀನಿ. ಇನ್ನು ಬೇರೆಯವರು ಕೂರ್ಲಿ. ಸೈಕಲ್ ಶಾಪಿನ ಮೇಲಿನ ರೂಮಲ್ಲಿ ಶುರು ಮಾಡಿದ್ದು, ಅಲ್ಲೇ ಮುಗಿಸ್ತಿದೀನಿ." ನಡುವೆ ಒಂದು ಕಡೆ ಬಲಗೈ ಮೇಜಿನ ಮೇಲೆ ಚಾಚಿ ಪರದೆಯಿಂದಾಚೆ ಹೋಯಿತು. ಮುಖ ಕಿವುಚಿತು, ಕಣ್ಣಲ್ಲಿ ನೀರು ತುಂಬಿತು. ಅಲ್ಲಿಂದ ಕೊನೆಯ ತನಕ ಆ ಕೈಯನ್ನು ಮುಷ್ಟಿ ಕಟ್ಟಿ ಎದೆಗೆ ಒತ್ತಿಕೊಂಡಿದ್ದರು.

"ಇದು ನಾನಲ್ಲ," ಎಂದರು ದೊಡ್ಡೋರು. "ನಾನು ಇದನ್ನ ಹೇಳೇ ಇಲ್ಲ. ನಮ್ಮ ಸಾಕ್ಷಿಗೇ ತೋರಿಸಿದ್ವಿ. ನಕಲಿ ಅಂತ ಕೆಂಪು ದೀಪ ಹಾಕ್ತು. ಅದು ಇವತ್ತಿನ ತನಕ ತಪ್ಪಿಲ್ಲ."

"ಅನುಮಾನ ಯಾರ ಮೇಲೆ?"

ಅವರ ಧ್ವನಿ ಇಳಿಯಿತು. "ನನ್ನ ಜೊತೆ ಕಂಪನಿ ಶುರು ಮಾಡಿದ ಇಂಜಿನಿಯರ್ ಮೇಲೆ. ಬೆಳಗ್ಗೆ ಇದು ಎಲ್ಲರಿಗೂ ಹೋಗಿರೋದು ಅವಳ ಕಂಪ್ಯೂಟರಿಂದ. ಇನ್ನೊಂದಿದೆ. ಕಂಪನಿ ನಮ್ಮಪ್ಪನ ಮನೆ ಹಿಂದಿನ ಕೋಣೇಲಿ ಶುರುವಾಯ್ತು ಅಂತ ಎಲ್ಲಾ ಕಡೆ ಬರೆಸಿದೀವಿ. ನಿಜವಾಗಿ ಶುರುವಾಗಿದ್ದು ಸೈಕಲ್ ಶಾಪಿನ ಮೇಲೆ. ಕೈಯಲ್ಲಿ ಬಾಡಿಗೆಗೆ ಕಾಸಿರಲಿಲ್ಲ. ಬದಲಿಗೆ ಬೆಳಗ್ಗೆ ಹೊತ್ತು ಅವಳು ಪಂಕ್ಚರ್ ಹಾಕೋಳು, ನಾನು ಗಾಳಿ ಹೊಡೀತಿದ್ದೆ. ಪ್ರಚಾರದವರಿಗೆ ಅದು ಶೋಭೆ ಅನ್ನಿಸಲಿಲ್ಲ. ಈ ಗುಟ್ಟು ನಮ್ಮಿಬ್ಬರಿಗೆ ಬಿಟ್ರೆ ಯಾರಿಗೂ ಗೊತ್ತಿರಲಿಲ್ಲ. ಅಂಥೋಳು ಬೆನ್ನಿಗೆ ಚೂರಿ ಹಾಕಿದ್ಲು. ನಾಳೆ ಬೆಳಗ್ಗೆ ಆಡಳಿತ ಮಂಡಳಿ ಸೇರತ್ತೆ. ಅವಳನ್ನ ಅಲ್ಲೇ ಪೊಲೀಸರ ಕೈಗೆ ಕೊಡ್ತೀನಿ. ಅಷ್ಟರಲ್ಲಿ ನನಗೆ ಖಾತ್ರಿಯಾಗ್ಬೇಕು."

ಅವರನ್ನು ಗೇಟಿನ ತನಕ ಬಿಡಲು ಹೋದೆ. ಅಲ್ಲಿ ನನ್ನ ಭುಜ ಹಿಡಿದು, ಯಾರಿಗೂ ಹೇಳದ್ದನ್ನು ಹೇಳುವವರಂತೆ, ಸೈಕಲ್ ಶಾಪು, ಪಂಕ್ಚರು, ಗಾಳಿ ಎಲ್ಲವನ್ನೂ ಮೊದಲಿಂದ ಹೇಳಿದರು. ನಾನು ತಲೆಯಾಡಿಸಿ ಒಳಗೆ ಬಂದು ಗೊಣಗಿದೆ. "ಯಾರಿಗೂ ಗೊತ್ತಿಲ್ಲದ ಗುಟ್ಟನ್ನ ಒಂದೇ ಭೇಟಿಯಲ್ಲಿ ಎರಡು ಸಲ ಹೇಳಿದ್ರು ಅತ್ತಿಗೆ. ದೊಡ್ಡ ಮನುಷ್ಯರಿಗೆ ತಮ್ಮ ಕತೆ ಅಂದ್ರೆ ಎಷ್ಟು ಪ್ರೀತಿ ನೋಡಿ."

ಅತ್ತಿಗೆ ನಗಲಿಲ್ಲ. ತಳದಲ್ಲಿ ಸಕ್ಕರೆ ಉಳಿದಿದ್ದ ಲೋಟವನ್ನು ಸುಮ್ಮನೆ ನೋಡುತ್ತಿದ್ದರು.

ಮಧ್ಯಾಹ್ನ ಕಂಪನಿಗೆ ಹೋದೆವು. ದೊಡ್ಡೋರ ಕೋಣೆಯಲ್ಲಿ ಪ್ರತಿ ಖಾನೆಯ ಮೇಲೂ ಚೀಟಿ ಅಂಟಿಸಿತ್ತು: ಕನ್ನಡಕ, ಮಾತ್ರೆ, ಚಾರ್ಜರ್. ಸ್ನಾನದ ಮನೆಯ ಬಾಗಿಲಿಗೂ ಒಂದು ಚೀಟಿ. ಕಂಪ್ಯೂಟರಿನವರ ಅಚ್ಚುಕಟ್ಟಿಗೆ ಮಿತಿಯೇ ಇಲ್ಲ ಎನಿಸಿತು. ಅಲ್ಲಿ ಅವರ ಮಗಳು, ಅಳಿಯ ಇಬ್ಬರೂ ಇದ್ದರು. ಅಳಿಯ ಕಂಪನಿಯ ಹಣಕಾಸು ನೋಡಿಕೊಳ್ಳುವವರು. ಕುರ್ಚಿ ಖಾಲಿಯಾದರೆ ಮುಂದೆ ಕೂರುವವರು ಇವರೇ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಆಗಲೇ ಅವರಿಗೆ ಮನಸ್ಸಿನಲ್ಲೇ ಬೇಡಿ ತೊಡಿಸಿದ್ದೆ.

"ನೀವು ನನ್ನನ್ನ ಹಾಗೆ ನೋಡ್ಬೇಡಿ ಸಾರ್," ಎಂದರು ಅಳಿಯ. "ಆ ಕುರ್ಚಿ ನನಗೆ ಬೇಡ ಅಂತ ಎರಡು ಸಲ ಬರೆದುಕೊಟ್ಟಿದೀನಿ. ಮಾವನೋರ ಜಾಗದಲ್ಲಿ ಕೂತು ಬೈಸ್ಕೊಳ್ಳೋ ಹಣೆಬರಹ ಯಾರಿಗೆ ಬೇಕು?"

"ಸಾಕ್ಷಿ ಒಂದು ಮುಖಾನ ಹೇಗೆ ಪರೀಕ್ಷೆ ಮಾಡತ್ತೆ?" ಎಂದು ಅತ್ತಿಗೆ ಅವರನ್ನು ಕೇಳಿದರು.

"ಆ ಮನುಷ್ಯನ ಹಳೇ ವಿಡಿಯೋಗಳನ್ನ ಅದಕ್ಕೆ ಉಣಿಸಿರ್ತೀವಿ ಅಮ್ಮ. ಮಾತಿನ ವೇಗ, ರೆಪ್ಪೆ ಬಡಿಯೋದು, ಎಲ್ಲಿ ಉಸಿರು ತಗೋತಾರೆ ಅನ್ನೋದು. ಹೊಸದನ್ನ ಅದಕ್ಕೆ ಹೋಲಿಸಿ ನೋಡತ್ತೆ. ಮಾವನೋರ ವಿಡಿಯೋ ಅಂತೂ ರಾಶಿ ಇದೆ. ಆದ್ರೆ ಎಲ್ಲಾ ಹಳೇದು. ಈಚೆಗೆ ಅವರು ವೇದಿಕೆ ಹತ್ತೋದನ್ನೇ ಬಿಟ್ಟಿದಾರೆ."

ಮಗಳ ಕಣ್ಣು ಕೆಂಪಾಗಿತ್ತು. ಅತ್ತಿಗೆ ಆಕೆಯ ಹತ್ತಿರ ಕೂತು ಅಪ್ಪನ ಬೆರಳಿನ ಪಟ್ಟಿಯ ವಿಷಯ ತೆಗೆದರು.

"ಶುಕ್ರವಾರ ಸಂಜೆ ಮನೆಗೆ ಬಂದಾಗ ಹೆಬ್ಬೆರಳಿಗೆ ಬೊಬ್ಬೆ ಬಂದಿತ್ತು," ಎಂದಳು ಮಗಳು. "ಏನಪ್ಪಾ ಇದು ಅಂದ್ರೆ ಗೊತ್ತಿಲ್ಲಮ್ಮ ಅಂದ್ರು. ನಾನೇ ಪಟ್ಟಿ ಕಟ್ಟಿದೆ. ಅವರಿಗೆ ಕೆಲಸದ ಒತ್ತಡ ಜಾಸ್ತಿ. ಏನೂ ಜ್ಞಾಪಕ ಇರಲ್ಲ."

"ವಿಡಿಯೋ ಹೊರಗೆ ಬಂದಿದ್ದು ಇವತ್ತು, ಸೋಮವಾರ," ಎಂದರು ಅತ್ತಿಗೆ, ತಮಗೆ ತಾವೇ ಹೇಳಿಕೊಳ್ಳುವಂತೆ.

ಇಂಜಿನಿಯರ್ ತಮ್ಮ ಕೋಣೆಯಲ್ಲಿ ಒಬ್ಬರೇ ಇದ್ದರು, ಬಾಗಿಲಲ್ಲಿ ಕಾವಲುಗಾರನಿದ್ದ. ಗಂಡಸರ ಶರ್ಟು ತೊಟ್ಟ, ಕೈತುಂಬ ಹಳೆಯ ಸುಟ್ಟ ಕಲೆಗಳಿದ್ದ ಹೆಂಗಸು. ಬಿಟ್ಟು ಹೋಗುವವರ ಹಾಗೆ ಮೇಜನ್ನು ಒರೆಸುತ್ತಿದ್ದರು.

"ಇದು ನಿಮ್ಮ ಕೆಲಸಾನಾ?" ಅತ್ತಿಗೆ ನೇರವಾಗಿ ಕೇಳಿದರು.

"ಕಳಿಸಿದ್ದು ನಾನೇ. ಅದಕ್ಕಿಂತ ಹೆಚ್ಚು ಏನೂ ಹೇಳಲ್ಲ."

"ನಾಳೆ ಪೊಲೀಸರು ಬರ್ತಾರೆ."

"ಬರ್ಲಿ. ಅವನು ಊಟ ಮಾಡಿದ್ನಾ ಇವತ್ತು?"

ಚೂರಿ ಹಾಕಿದವರು ಊಟ ವಿಚಾರಿಸುವುದನ್ನು ನಾನು ಅದೇ ಮೊದಲು ನೋಡಿದ್ದು. ಅತ್ತಿಗೆ ಮಾತ್ರ ಕೈ ಚಾಚಿ, "ಸೈಕಲ್ ಶಾಪಿನ ಮೇಲಿನ ರೂಮಿನ ಬೀಗದ ಕೈ ಕೊಡಿ" ಎಂದರು. ಇಂಜಿನಿಯರ್ ಮುಖದ ಬಣ್ಣ ಇಳಿಯಿತು. ಕುತ್ತಿಗೆಯ ಸರದಿಂದ ಬೀಗದ ಕೈ ಬಿಚ್ಚಿಕೊಟ್ಟರು.

ಕೆಳಗೆ ಸೈಕಲ್ ಶಾಪು ಇನ್ನೂ ಇತ್ತು, ರಬ್ಬರಿನ ವಾಸನೆ ಮೆಟ್ಟಿಲ ತನಕ ಹತ್ತಿ ಬಂದಿತ್ತು. ಮೇಲಿನ ಕೋಣೆಯಲ್ಲಿ ಒಂದು ಮರದ ಮೇಜು, ಎರಡು ಸ್ಟೂಲು, ಬಿಚ್ಚಿಟ್ಟ ಹಳೇ ರೇಡಿಯೋ. ಈ ಸಲ ನಾನು ದಡ್ಡನಾಗಲಿಲ್ಲ. ಎಡಗಡೆ ಕಿಟಕಿ, ಗೋಡೆಯ ಮೇಲೆ ಓರೆಯಾಗಿ ಬೀಳುವ ಬೆಳಕು: ವಿಡಿಯೋ ತೆಗೆದದ್ದು ಇಲ್ಲೇ ಎಂದು ಖಡಾಖಂಡಿತವಾಗಿ ಹೇಳಿದೆ. ಅತ್ತಿಗೆ ಮೇಜಿನ ಬಲತುದಿಯತ್ತ ಬಗ್ಗಿದರು. ಅಲ್ಲೊಂದು ತಂತಿಗಳನ್ನು ಕಾಯಿಸಿ ಬೆಸೆಯುವ ಸೋಲ್ಡರಿಂಗ್ ಐರನ್ ಬಿದ್ದಿತ್ತು. ಅದರ ಕೆಳಗೆ ಮರ ಹೊಸದಾಗಿ ಸುಟ್ಟು ಕಪ್ಪಾಗಿತ್ತು.

"ಕದ್ದುಮುಚ್ಚಿ ಇಲ್ಲಿ ಬಂದು ನಕಲಿ ತಯಾರಿಸಿದಾರೆ ಅಂದ ಹಾಗಾಯ್ತು," ಎಂದೆ.

ಅತ್ತಿಗೆ ಸ್ಟೂಲಿನ ಮೇಲೆ ಕುಸಿದು ಕೂತರು. "ನಕಲಿ ಆಗಿದ್ರೆ ಚೆನ್ನಾಗಿತ್ತು ಕಣೋ" ಎಂದರು. ಇಷ್ಟು ವರ್ಷದಲ್ಲಿ ಒಂದು ಪ್ರಕರಣ ಬಿಡಿಸಿದ ಮೇಲೆ ಅವರು ಅಷ್ಟು ದುಃಖಪಟ್ಟದ್ದನ್ನು ನಾನು ಕಂಡಿರಲಿಲ್ಲ.

ಮರುದಿನ ಬೆಳಗ್ಗೆ, ಮಂಡಳಿ ಸೇರುವ ಮುಂಚೆ, ಆ ಕೋಣೆಗೇ ಎಲ್ಲರನ್ನೂ ಕರೆಸಿದರು. ದೊಡ್ಡೋರು ಒಂದು ಸ್ಟೂಲಿನ ಮೇಲೆ, ಇಂಜಿನಿಯರ್ ಇನ್ನೊಂದರ ಮೇಲೆ. ಮಗಳು, ಅಳಿಯ ಗೋಡೆಗೆ ಒರಗಿ ನಿಂತಿದ್ದರು.

"ಮೊದಲು ನಿಮ್ಮೊಬ್ಬರ ಹತ್ರ ಮಾತಾಡ್ಲಾ?" ಎಂದು ಅತ್ತಿಗೆ ಕೇಳಿದರು.

"ಮುಚ್ಚಿಡೋಕೆ ನಾನೇನು ಕಳ್ಳಾನಾ? ಎಲ್ಲರ ಮುಂದೆ ಹೇಳಿ."

ಅತ್ತಿಗೆ ಅಳಿಯನ ಕಡೆ ತಿರುಗಿದರು. "ನಿಮ್ಮ ಸಾಕ್ಷಿ ಮೊಬೈಲಲ್ಲಿ ಇದೆಯಲ್ಲ? ಮಾವನೋರ ಮುಂದೆ ಹಿಡೀರಿ. ದೊಡ್ಡೋರೇ, ನೀವು ಏನಾದ್ರೂ ಮಾತಾಡಿ."

"ಇದೇನು ತಮಾಷೆ," ಎಂದರು ದೊಡ್ಡೋರು. ಆದರೂ ಮೊಬೈಲನ್ನು ನೋಡುತ್ತಾ ಮಾತಾಡಿದರು. "ನಾನು ಈ ಕಂಪನಿ ಕಟ್ಟಿದೋನು. ಮುಖ ನೋಡಿ ನಿಜ ಹೇಳೋ... ಆ ಇದನ್ನ... ಅದೇ, ಇದನ್ನ ಮಾಡಿದೋನು."

ಪರದೆಯ ಮೇಲೆ ಕೆಂಪು ದೀಪ ಹತ್ತಿತು. ನಕಲಿ.

ಅಳಿಯ ಮೊಬೈಲನ್ನು ತಟ್ಟಿ ನೋಡಿದರು. "ಕೆಟ್ಟಿರ್ಬೇಕು ಮಾವ, ಇನ್ನೊಂದು ಸಲ..."

"ಕೆಟ್ಟಿಲ್ಲ," ಎಂದರು ಅತ್ತಿಗೆ. ಅವರ ಧ್ವನಿ ತುಂಬಾ ಮೆತ್ತಗಿತ್ತು. "ಅದಕ್ಕೆ ಗೊತ್ತಿರೋದು ಹಳೇ ದೊಡ್ಡೋರು. ಸರಾಗವಾಗಿ ಮಾತಾಡ್ತಿದ್ದೋರು. ಈಗಿನ ಇವರನ್ನ ಅದು ಗುರುತು ಹಿಡಿಯಲ್ಲ. ಅದಕ್ಕೇ ಆ ವಿಡಿಯೋನೂ ನಕಲಿ ಅಂತು. ನಮ್ಮನೇಲಿ ಇವರು ಟೀಗೆ ಸಕ್ಕರೆ ಹಾಕಿದ್ದನ್ನ ಮರೆತು ಮತ್ತೆ ಹಾಕ್ಕೊಂಡ್ರು. ಯಾರಿಗೂ ಹೇಳದ ಗುಟ್ಟನ್ನ ನನಗೆ ಹೇಳಿ, ಗೇಟಲ್ಲಿ ನನ್ನ ಮೈದುನನಿಗೆ ಹೊಸದಾಗಿ ಹೇಳಿದ್ರು. ನನಗೆ ಹೇಳುವಾಗಲೂ ಅವನು ಪಕ್ಕದಲ್ಲೇ ಕೂತಿದ್ದ. ಕೋಣೆ ತುಂಬ ಚೀಟಿ ಅಂಟಿಸಿದಾರೆ. ಇವಿಷ್ಟೇ ಆಗಿದ್ರೆ ಬರೀ ಊಹೆ ಅನ್ನಬಹುದಿತ್ತು. ಆದ್ರೆ ಬೆರಳಿದೆ."

ಸುಟ್ಟ ಜಾಗವನ್ನು ತೋರಿಸಿದರು. "ವಿಡಿಯೋದಲ್ಲಿ ಕೈ ಈ ಕಡೆ ಬರತ್ತೆ. ಮುಖ ಕಿವುಚತ್ತೆ. ಆಮೇಲೆ ಮುಷ್ಟಿ. ಎಲ್ಲರೂ ದುಃಖ ಅಂದ್ಕೊಂಡ್ರು. ಬಿಸಿಯಾಗಿದ್ದ ಐರನ್ ಮೇಲೆ ಹೆಬ್ಬೆರಳು ಬಿದ್ದಿತ್ತು. ಅದೇ ಶುಕ್ರವಾರ ಸಂಜೆ ಮಗಳು ಅದೇ ಬೆರಳಿಗೆ ಪಟ್ಟಿ ಕಟ್ಟಿದ್ಲು. ಕಂಪ್ಯೂಟರು ಮುಖ ಹುಟ್ಟಿಸಬಹುದು. ನಿಮ್ಮ ಮೈಮೇಲೆ ಬೊಬ್ಬೆ ಎಬ್ಬಿಸೋಕಾಗಲ್ಲ. ಕುರ್ಚಿ ಬಿಟ್ಟೋರು ನೀವೇ ದೊಡ್ಡೋರೇ. ಬಿಟ್ಟಿದ್ದನ್ನ ಮರೆತಿದೀರಿ."

ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ದೊಡ್ಡೋರು ನಿಧಾನವಾಗಿ ಪಟ್ಟಿ ಬಿಚ್ಚಿದರು. ಬೆರಳನ್ನು ನೋಡಿದರು, ಮೇಜಿನ ಕಪ್ಪನ್ನು ನೋಡಿದರು, ಒಂದರ ಪಕ್ಕ ಒಂದಿಟ್ಟು ಅಳೆದರು. ಪುರಾವೆ ಸರಿಯಾಗಿದ್ದರೆ ಒಪ್ಪಿಕೊಳ್ಳುವುದು ಅವರ ಜನ್ಮದ ಅಭ್ಯಾಸ. ಅದನ್ನು ಅವರು ಇನ್ನೂ ಮರೆತಿರಲಿಲ್ಲ.

"ನನ್ನ ಅಮ್ಮನ ಕಾಯಿಲೆ," ಎಂದರು. ಆಮೇಲೆ ಇಂಜಿನಿಯರ್ ಕಡೆ ನೋಡಿದರು. "ನೀನು ಯಾಕೆ ಹೇಳಲಿಲ್ಲ? ಜೈಲಿಗೆ ಹೋಗೋಕೆ ತಯಾರಾಗಿದ್ಯಲ್ಲೇ."

"ನೀನೇ ಹೇಳ್ಬೇಡ ಅಂದೆ ಕಣೋ. ಡಾಕ್ಟರ ಹತ್ರ ಹೋಗಿ ಬಂದ ದಿನಾನೇ ಆಣೆ ಹಾಕಿಸ್ಕೊಂಡೆ. ನಿಮ್ಮಮ್ಮನ್ನ ನೋಡಿ ಬೀದಿ ಜನ ನಗ್ತಿದ್ರಲ್ಲ, ನನ್ನ ನೋಡಿ ಯಾರೂ ನಗಬಾರದು ಅಂದೆ. ಸೋಮವಾರ ವಿಡಿಯೋ ಕಳಿಸು, ನಾನು ಬೈದ್ರೂ ಹೊಡೆದ್ರೂ ವಾಪಸ್ ತಗೋಬೇಡ, ನಾನು ಕುರ್ಚೀಲಿದ್ರೆ ಕಂಪನಿ ಹಾಳಾಗತ್ತೆ ಅಂದೆ. ನಿನ್ನೆ ನೀನು ಬೈದೆ. ನಾನು ವಾಪಸ್ ತಗೊಳ್ಳಲಿಲ್ಲ." ಅಷ್ಟು ಹೇಳಿ ಆ ಗಟ್ಟಿ ಹೆಂಗಸು ಬಿಕ್ಕಿ ಬಿಕ್ಕಿ ಅತ್ತರು.

ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನೂ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

"ನೀವು ಫೋಟೋದವರಲ್ವಾ?" ದೊಡ್ಡೋರು ನನ್ನನ್ನು ಕರೆದರು. "ಬೇಗ ಇನ್ನೊಂದು ತೆಗೀರಿ. ಈಗ ನನಗೆ ಎಲ್ಲಾ ಗೊತ್ತಿದೆ. ಇನ್ನು ಸ್ವಲ್ಪ ಹೊತ್ತಿಗೆ ಇರುತ್ತೋ ಇಲ್ವೋ."

ಕಿಟಕಿಯ ಬೆಳಕಿಗೆ ಕೂರಿಸಿ ಅಳಿಯನ ಮೊಬೈಲು ಹಿಡಿದೆ. ಅವರು ಇಂಜಿನಿಯರ್ ಕೈ ಹಿಡಿದುಕೊಂಡು ಮಾತಾಡಿದರು. "ಕುರ್ಚಿ ಬಿಟ್ಟೋನು ನಾನೇ. ನನಗೆ ಮರೆವಿನ ಕಾಯಿಲೆ. ಮುಂದೆ ಯಾವತ್ತಾದ್ರೂ ನಾನು ಇವಳ ಮೇಲೆ ದೂರು ಹೇಳಿದ್ರೆ ಯಾರೂ ನಂಬಬೇಡಿ. ನಗೋದಾದ್ರೆ ನನ್ನ ನೋಡಿ ನಗಿ." ಜೀವಮಾನದಲ್ಲಿ ಎಷ್ಟೋ ಮುಖಗಳನ್ನು ಸೆರೆಹಿಡಿದಿದ್ದೇನೆ. ಅಷ್ಟು ಅಸಲಿಯಾದ ಇನ್ನೊಂದನ್ನು ಕಂಡಿಲ್ಲ. ಸಾಕ್ಷಿಗೆ ತೋರಿಸುವ ಗೋಜಿಗೆ ಯಾರೂ ಹೋಗಲಿಲ್ಲ.

ಮಗಳು, ಅಳಿಯ ಮಂಡಳಿಗೆ ಆ ವಿಡಿಯೋ ತಲುಪಿಸಲು ಮುಂದೆ ಹೋದರು. ನಾವು ನಿಧಾನವಾಗಿ ಮೆಟ್ಟಿಲಿಳಿದೆವು. ಸೈಕಲ್ ಶಾಪಿನ ಮುಂದೆ ದೊಡ್ಡೋರು ತಟ್ಟನೆ ನಿಂತರು. ಗೋಡೆಗೆ ಒರಗಿಸಿದ್ದ ಗಾಳಿ ಪಂಪನ್ನು ನೋಡಿ ಅವರ ಮುಖ ಅರಳಿತು. ನನ್ನ ಭುಜ ಹಿಡಿದು ಕಿವಿಯ ಹತ್ತಿರ ಬಗ್ಗಿದರು.

"ಒಂದು ಗುಟ್ಟು ಹೇಳ್ಲಾ? ಯಾರಿಗೂ ಗೊತ್ತಿಲ್ಲ ಇದು. ನಮ್ಮ ಕಂಪನಿ ಶುರುವಾಗಿದ್ದು ಈ ಅಂಗಡಿ ಮೇಲೆ."

ಇಂಜಿನಿಯರ್ ಮುಖ ಬೇರೆ ಕಡೆ ತಿರುಗಿಸಿಕೊಂಡರು. ಅವರ ಕೈ ಮಾತ್ರ ದೊಡ್ಡೋರ ಕೈಯಲ್ಲೇ ಇತ್ತು. ಅತ್ತಿಗೆ ನನ್ನನ್ನು ನೋಡಿದರು.

"ಹೌದಾ ಸಾರ್?" ಎಂದೆ. "ನನಗೆ ಗೊತ್ತೇ ಇರಲಿಲ್ಲ. ಹೇಳಿ, ಹೇಳಿ."

"ಬಾಡಿಗೆಗೆ ಕಾಸಿರಲಿಲ್ಲ," ಎಂದು ಅವರು ಶುರು ಮಾಡಿದರು. "ಇವಳಿದಾಳಲ್ಲ, ಇವಳು ಪಂಕ್ಚರ್ ಹಾಕೋಳು. ನಾನು ಗಾಳಿ ಹೊಡೀತಿದ್ದೆ."